ಮೌಸ್ ಕೆಳಗೆ ಎಚ್‌ಎಂಟಿ ವಾಚು

ನಿಮ್ಮದು 40 ಜನರ ಕಂಪನಿ, ಕೊರೋನಾದ ಒಮಿಕ್ರಾನ್ ಅಲೆ ಬಂದಾಗ ಮತ್ತೆ ಎಲ್ಲರನ್ನೂ ಮನೆಯಿಂದಲೇ ಕೆಲಸ ಮಾಡಿ ಅಂತ ಕಳಿಸಿದಿರಿ, ಮನೆಯಲ್ಲಿ ಯಾರು ನಿಜವಾಗಿ ಕೆಲಸ ಮಾಡುತ್ತಿದ್ದಾರೆ ಅಂತ ನೋಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದ್ದೀರಿ. ಓದಿ ನಗು ಬಂತು. ಬೇಜಾರಾಗಬೇಡಿ, ನಗು ಬಂದದ್ದು ನನ್ನ ಮೇಲೆಯೇ. 2020ರ ಮೇ ತಿಂಗಳಲ್ಲಿ ಇದೇ ಪ್ರಶ್ನೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ.

ನಮ್ಮದು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ರಾಜಾಜಿನಗರದಲ್ಲಿ ಒಂದು ಮಹಡಿ, ಆಗ 26 ಜನ. ಜನತಾ ಕರ್ಫ್ಯೂ ಮುಗಿದ ಮರುದಿನ, ಮಾರ್ಚ್ 23ರ ಸೋಮವಾರ, ಎಲ್ಲರಿಗೂ ಕಂಪ್ಯೂಟರ್ ಮನೆಗೆ ತಗೊಂಡು ಹೋಗಿ ಅಂದೆ. ಲ್ಯಾಪ್‌ಟಾಪ್ ಇದ್ದದ್ದು 9. ಉಳಿದವರು ಸಿಪಿಯು, ಮಾನಿಟರುಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಹೋದರು. ಮರುದಿನ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಅಂದರು. ಅಷ್ಟರಲ್ಲಿ ಅರ್ಧ ಜನ ತಮ್ಮ ತಮ್ಮ ಊರು ಸೇರಿ ಆಗಿತ್ತು.

ಏಪ್ರಿಲ್ ಹೇಗೋ ಕಳೆಯಿತು. ಅಂಗಡಿಗಳೇ ಮುಚ್ಚಿದ್ದವು, ಯಾರ ಫೋನೂ ಬರುತ್ತಿರಲಿಲ್ಲ. ಮೇ ತಿಂಗಳಲ್ಲಿ ಅಂಗಡಿಗಳು ತೆರೆದವು, ನಾನೊಬ್ಬನೇ ಆಫೀಸಿಗೆ ಹೋಗಲು ಶುರು ಮಾಡಿದೆ. ಖಾಲಿ ಕುರ್ಚಿಗಳ ಮಧ್ಯೆ ಕೂತರೆ ತಲೆಯಲ್ಲಿ ಹುಳ ಬಿಡದೆ ಇರುತ್ತದಾ? ಸಂಬಳ ಹೋಗುತ್ತಿದೆ, ಇವರೆಲ್ಲ ಮನೆಯಲ್ಲಿ ಏನು ಮಾಡುತ್ತಿದ್ದಾರೋ ಅಂತ. ಒಂದು ಸಾಫ್ಟ್‌ವೇರ್ ಕೊಂಡೆ. ಹತ್ತು ನಿಮಿಷಕ್ಕೊಮ್ಮೆ ಅವರ ಸ್ಕ್ರೀನಿನ ಫೋಟೋ ತೆಗೆಯುತ್ತಿತ್ತು. ಕೀಬೋರ್ಡ್, ಮೌಸ್ ಐದು ನಿಮಿಷ ಅಲ್ಲಾಡದಿದ್ದರೆ ಆ ಹೊತ್ತನ್ನು ‘ಐಡಲ್’, ಅಂದರೆ ಕೆಲಸ ಮಾಡದೆ ಸುಮ್ನೆ ಕೂತ ಹೊತ್ತು, ಅಂತ ಬರೆದುಕೊಳ್ಳುತ್ತಿತ್ತು. ಸಂಜೆ ಏಳಕ್ಕೆ ನನಗೊಂದು ಮೇಲ್. ಹಸಿರು ಹೆಸರುಗಳು ಮೇಲೆ, ಕೆಂಪು ಹೆಸರುಗಳು ಕೆಳಗೆ.

ಕೆಂಪಿನಲ್ಲಿ ದಿನಾ ತಪ್ಪದೆ ಇರುತ್ತಿದ್ದವನು ಮಲೆನಾಡಿನ ಸಿದ್ದಾಪುರದ ಕಡೆಯ ಹುಡುಗ. ಐದು ವರ್ಷದಿಂದ ನಮ್ಮ ಸಪೋರ್ಟ್ ನೋಡಿಕೊಳ್ಳುತ್ತಿದ್ದ. ಜೂನ್‌ನಲ್ಲಿ ಅವನ ಐಡಲ್ ಶೇಕಡಾ 61 ಅಂತ ಬಂತು. ನಾನು ಒಂದು ಮಾತೂ ಕೇಳದೆ ಆರು ದಿನದ ಸಂಬಳ ಹಿಡಿದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಪೋರ್ಟ್ ಕೆಲಸ ಅಂದರೆ ಏನು? ಅಂಗಡಿಯವರು ಫೋನ್ ಮಾಡುತ್ತಾರೆ, ನೀವು ಫೋನಿನಲ್ಲಿ ಮಾತಾಡುತ್ತೀರಿ. ಅರ್ಧ ಗಂಟೆ ಮಾತಾಡಿದರೆ ಅರ್ಧ ಗಂಟೆ ಮೌಸ್ ಅಲ್ಲಾಡುವುದಿಲ್ಲ. ಅಂದರೆ ಜಾಸ್ತಿ ಫೋನ್ ತೆಗೆದುಕೊಂಡವನೇ ಜಾಸ್ತಿ ಐಡಲ್. ಇದು ನನಗೆ ಗೊತ್ತಿರಲಿಲ್ಲವಾ? ಕಂಪನಿ ಶುರುವಾದಾಗ ನಾಲ್ಕು ವರ್ಷ ಆ ಕೆಲಸ ಮಾಡಿದ್ದು ನಾನೇ! ಅದರ ಮೇಲೆ ಅದು ಎಂಥ ಜೂನ್ ನೋಡಿ. ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಸಲ್ಲಿಸಬೇಕಿದ್ದ ಜಿಎಸ್‌ಟಿ ರಿಟರ್ನ್‌ಗಳಿಗೆ ಸರ್ಕಾರ ಜೂನ್ ಕೊನೆಯ ವಾರದವರೆಗೆ ಸಮಯ ಕೊಟ್ಟಿತ್ತು. ಹಾಗಾಗಿ ಅಂಗಡಿಯವರ ಮೂರು ತಿಂಗಳ ಫೋನಿನ ಗಲಾಟೆ ಒಂದೇ ತಿಂಗಳಿಗೆ ಬಂದು ಬಿತ್ತು. ಅದೇ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿಯಿತು. ಅಲ್ಲಿ ಮಳೆ ಅಂದರೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಕೂಡ ಮಲಗುತ್ತದೆ. ಹುಡುಗ ಮನೆಯಲ್ಲಿ ಕಂಪ್ಯೂಟರ್ ಬಿಟ್ಟು ಗುಡ್ಡ ಹತ್ತುತ್ತಿದ್ದ. ಆಚೆ ಊರಿನ ಟವರಿನ ಎರಡು ಕಡ್ಡಿ ಸಿಗುವ ಜಾಗದಲ್ಲಿ ನಿಂತು, ಎದುರಿಗೆ ಸ್ಕ್ರೀನೇ ಇಲ್ಲದೆ, "ಎಫ್8 ಒತ್ತಿ, ಮೂರನೇ ಸಾಲು, ಹಾಂ, ಈಗ ಎಂಟರ್" ಅಂತ ನೆನಪಿನಿಂದಲೇ ಹೇಳುತ್ತಿದ್ದ. ನನ್ನ ಸಾಫ್ಟ್‌ವೇರಿಗೆ ಕಾಣುತ್ತಿದ್ದದ್ದು ಸಿದ್ದಾಪುರದಲ್ಲಿ ಸುಮ್ನೆ ಬಿದ್ದಿರುವ ಒಂದು ಮೌಸ್.

ಇದು ನನಗೆ ಅವನಿಂದ ಗೊತ್ತಾಗಲಿಲ್ಲ. ಅವನು ಜಗಳ ಆಡಲಿಲ್ಲ. "ಸರ್, ಊರಲ್ಲೇ ಇರೋಣ ಅಂದುಕೊಂಡಿದ್ದೇನೆ, ಜುಲೈ 31ಕ್ಕೆ ಬಿಡುತ್ತೇನೆ" ಅಂತ ಎರಡು ಸಾಲು ಬರೆದ. ಅವನು ಬಿಟ್ಟ ಮೇಲೆ ದಾವಣಗೆರೆಯ ಬಟ್ಟೆ ಅಂಗಡಿಯ ಯಜಮಾನರೊಬ್ಬರು ಫೋನ್ ಮಾಡಿದರು. "ಆ ಹುಡುಗನ್ನ ಎಲ್ಲಿಗೆ ಕಳಿಸಿದ್ರಿ? ಅವನು ಮಾತಾಡ್ತಿದ್ರೆ ಛತ್ರಿ ಮೇಲೆ ಮಳೆ ಬೀಳೋ ಸದ್ದು ಕೇಳೋದು ಸ್ವಾಮಿ." ಏನು ಹೇಳಲಿ? ಮುಂದಿನ ವರ್ಷ 31 ಅಂಗಡಿಗಳು ಎಎಂಸಿ, ಅಂದರೆ ನಮ್ಮ ಜೊತೆಗಿನ ವರ್ಷದ ನಿರ್ವಹಣೆ ಒಪ್ಪಂದ, ಮುಂದುವರಿಸಲಿಲ್ಲ. ಎಲ್ಲವೂ ಅವನು ನೋಡಿಕೊಳ್ಳುತ್ತಿದ್ದ ಅಂಗಡಿಗಳೇ.

ಇನ್ನು ಹಸಿರು ಪಟ್ಟಿಯ ಮೊದಲ ಹೆಸರಿನ ಕಥೆ ಕೇಳಿ. ಶೇಕಡಾ 94 ಹೊತ್ತು ಕೆಲಸ. ಎಲ್ಲರೆದುರು ಹೊಗಳಿದ್ದೆ. ಒಂದು ವರ್ಷ ಆದ ಮೇಲೆ ಬೈಟು ಕಾಫಿ ಕುಡಿಯುವಾಗ ಅವನೇ ಬಾಯಿಬಿಟ್ಟ. ಅಪ್ಪನ ಎಚ್‌ಎಂಟಿ ವಾಚನ್ನು ಮೌಸಿನ ಕೆಳಗೆ ಇಡುತ್ತಿದ್ದನಂತೆ. ಸೆಕೆಂಡಿನ ಮುಳ್ಳು ತಿರುಗಿದ ಹಾಗೆ ಮೌಸಿಗೆ ತಾನೇ ಅಲ್ಲಾಡಿದಂತೆ ಅನಿಸಿ ಸ್ಕ್ರೀನಿನ ಬಾಣ ನಡುಗುತ್ತದೆ. "ದಿನಾ ಕೀಲಿ ಕೊಡಬೇಕಿತ್ತು ಸರ್, ಅದೊಂದೇ ಕಷ್ಟ" ಅಂದ. ಬೈಯೋಣ ಅಂದುಕೊಂಡೆ, ನಗು ತಡೆಯಲಾಗಲಿಲ್ಲ.

ಹಾಗಾಗಿ ಯಾವ ಸಾಫ್ಟ್‌ವೇರ್ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಕೆಲಸ ಕದಿಯುವವನು ಆಫೀಸಿನಲ್ಲೂ ಕದಿಯುತ್ತಿದ್ದ, ನಮಗೆ ತಲೆ ಕಾಣುತ್ತಿತ್ತು ಅಂತ ಸಮಾಧಾನ ಇತ್ತು ಅಷ್ಟೇ. ಆ ದುಡ್ಡಿನಲ್ಲಿ ಯುಪಿಎಸ್ ಕೊಡಿಸಿ, ಊರಲ್ಲಿ ಇರುವವರಿಗೆ ಬೇರೆ ಕಂಪನಿಯ ಎರಡನೇ ಸಿಮ್ ಕೊಡಿಸಿ. ಪ್ರತಿಯೊಬ್ಬರಿಗೂ ನೀವೇ ಫೋನ್ ಮಾಡಿ ಮೂರು ವಿಷಯ ಕೇಳಿ: ಕರೆಂಟ್ ಯಾವಾಗ ಹೋಗುತ್ತದೆ, ಮನೆಯಲ್ಲಿ ಎಷ್ಟು ಜನ, ಕೂರಲು ಕುರ್ಚಿ ಇದೆಯಾ. ನಮ್ಮಲ್ಲಿ ಒಬ್ಬಳು ಮೂರು ತಿಂಗಳು ಹೊಲಿಗೆ ಮೆಷಿನ್ನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದ್ದಳು. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಕೆಲಸವನ್ನು ವಾರದ ಲೆಕ್ಕದಲ್ಲಿ ನೋಡಿ. ಶುಕ್ರವಾರ ಸಂಜೆ ಏನು ಮುಗಿದಿದೆ, ಏನು ಉಳಿದಿದೆ, ಸಾಕು. ಬೆಳಗ್ಗೆ ಒಂಬತ್ತೂವರೆಗೆ ಕ್ಯಾಮೆರಾ ಆನ್ ಮಾಡಿಸಿ ಹಾಜರಿ ಕರೆಯುವುದನ್ನು ದಯವಿಟ್ಟು ಮಾಡಬೇಡಿ. ಅವರೇನು ಶಾಲೆ ಮಕ್ಕಳಾ?

ರಜೆ ವಿಷಯದಲ್ಲಿ ಮಾತ್ರ ಧಾರಾಳವಾಗಿರಿ. 2021ರ ಏಪ್ರಿಲ್, ಮೇ ನೆನಪಿದೆಯಲ್ವಾ? ಟೆಸ್ಟ್ ರಿಪೋರ್ಟ್ ಬರಲು ದಿನಗಟ್ಟಲೆ, ಬಿಯು ನಂಬರಿಗೆ (ಕೋವಿಡ್ ಬಂದವರಿಗೆ ಆಗ ಕೊಡುತ್ತಿದ್ದ ಗುರುತಿನ ಸಂಖ್ಯೆ) ಕಾಯುವುದು, ಬೆಡ್‌ಗಾಗಿ ಫೋನ್ ಮೇಲೆ ಫೋನ್. ಆ ಹೊತ್ತಿನಲ್ಲಿ ಡಾಕ್ಟರ್ ಸರ್ಟಿಫಿಕೇಟ್ ತಂದುಕೊಡಿ ಅನ್ನಲು ಬಾಯಿ ಬರುತ್ತದಾ? ಹುಷಾರಿಲ್ಲ ಅಂದರೆ ಹುಷಾರಿಲ್ಲ, ಅಷ್ಟೇ ಅಂತ ಮಾಡಿದೆವು. ಒಬ್ಬರ ಮನೆಯಲ್ಲಿ ಎಲ್ಲರೂ ಮಲಗಿದ್ದಾಗ ನಮ್ಮಲ್ಲಿ ಇಬ್ಬರು ಆಫೀಸಿನ ಕೆಲಸ ಬಿಟ್ಟು ಎರಡು ದಿನ ಅವರಿಗೆ ಬೆಡ್ ಹುಡುಕಿದರು. ಸಂಬಳ ಕೊಟ್ಟು ಮಾಡಿಸಿದ ಕೆಲಸವೇ ಅದು. ಆ ವರ್ಷ ಯಾರೂ ಕೆಲಸ ಬಿಡಲಿಲ್ಲ.

ಸಿದ್ದಾಪುರದ ಹುಡುಗನಿಗೆ ಆ ಆರು ದಿನದ ದುಡ್ಡು ಆಮೇಲೆ ಕಳಿಸಿದೆ. "ಬಂತು ಸರ್" ಅಂದ. ಮತ್ತೆ ಬರುತ್ತೀಯಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಇಷ್ಟಾದ ಮೇಲೂ ಸಾಫ್ಟ್‌ವೇರ್ ಬೇಕೇ ಬೇಕು ಅನ್ನಿಸಿದರೆ ವರ್ಷದ ಪ್ಲಾನ್ ಮಾತ್ರ ತಗೋಬೇಡಿ. ಡಿಸ್ಕೌಂಟ್ ಆಸೆಗೆ ನಾನು ಅದನ್ನೇ ತಗೊಂಡಿದ್ದೆ. ಎರಡು ತಿಂಗಳಿಗೆ ನಿಲ್ಲಿಸಿದೆ, ಉಳಿದ ಹತ್ತು ತಿಂಗಳ ದುಡ್ಡು ವಾಪಸ್ ಕೊಡಲಿಲ್ಲ.