ಪ್ರತಿಕ್ರಿಯೆ: ಹಳೆಯ ಗಿರಣಿಯ ಗೋಡೆಗೆ ಸಿಮೆಂಟ್ ಬೇಡ

ನೂರು ವರ್ಷ ದಾಟಿದ ಬಟ್ಟೆ ಗಿರಣಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಮಾಡಲು ಹೊರಟಿದ್ದೀರಿ. ಉದುರುತ್ತಿರುವ ಇಟ್ಟಿಗೆ ಗೋಡೆಗೆ ಸಿಮೆಂಟ್ ಮೆತ್ತಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಆ ಕಾಲದ ಇಟ್ಟಿಗೆ ಮೆದು, ಗಾರೆ ಸುಣ್ಣದ್ದು. ಗೋಡೆಗೆ ಸೇರಿದ ತೇವ ಸುಣ್ಣದ ಸಂದುಗಳಿಂದ ಆರಿಹೋಗುತ್ತದೆ. ಅಲ್ಲಿ ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚಿ, ತೇವ ಇಟ್ಟಿಗೆಯ ಮೈಯಿಂದಲೇ ಹೊರಬರಬೇಕಾಗುತ್ತದೆ. ಜತೆಗೆ ಬಂದ ಲವಣ ಹರಳುಗಟ್ಟಿ ಮೇಲ್ಪದರವನ್ನೇ ಎಬ್ಬಿಸುತ್ತದೆ. ಉದುರಿದ ಒಂದು ಚೂರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಬೆನ್ನಿಗೆ ಬಿಳಿ ಪುಡಿ ಅಂಟಿರಬಹುದು. ಮೊದಲು ಸೋರುವ ಸೂರು, ಮಳೆನೀರಿನ ಕೊಳವೆ ಸರಿಪಡಿಸಿ. ಗೋಡೆ ಚೆನ್ನಾಗಿ ಆರಲಿ. ಆಮೇಲೆ ಸುಣ್ಣದ ಗಾರೆ.

ಕಂಬಗಳು ಎರಕದ ಕಬ್ಬಿಣದವಾದರೆ ಸುಮ್ಮನೆ ವೆಲ್ಡಿಂಗ್ ಮಾಡಿಸಬೇಡಿ. ಅದು ಭಾರ ಹೊರುವುದರಲ್ಲಿ ಗಟ್ಟಿ, ಬಾಗಿಸಿದರೆ ಥಟ್ಟನೆ ಮುರಿಯುವ ಜಾತಿ.

ಯಂತ್ರ ಹೊತ್ತ ನೆಲಕ್ಕೆ ಮನೆಯ ಭಾರ ಸಾಮಾನ್ಯವಾಗಿ ಹೆಚ್ಚೇನಲ್ಲ, ಆದರೂ ಎಂಜಿನಿಯರ್ ನೋಡಲಿ. ನನಗೆ ಹೆಚ್ಚು ಚಿಂತೆ ಬೆಂಕಿ ಮತ್ತು ಸದ್ದಿನದು. ದಶಕಗಳ ಕಾಲ ಎಣ್ಣೆ ಕುಡಿದ ಹಲಗೆ ಬೇಗ ಹೊತ್ತಿಕೊಳ್ಳುತ್ತದೆ. ಮನೆಯವರಿಗೆ ಪ್ರತ್ಯೇಕ ಮೆಟ್ಟಿಲು ನಕ್ಷೆಯಲ್ಲೇ ಇರಲಿ.

ವಿಯೆನ್ನಾದಲ್ಲಿ 1899ರಲ್ಲಿ ಕಟ್ಟಿ ಮುಗಿಸಿದ, ಅನಿಲ ತುಂಬಿಡುವ ದೊಡ್ಡ ತೊಟ್ಟಿಗಳಾದ ನಾಲ್ಕು ಗ್ಯಾಸೋಮೀಟರ್‌ಗಳ ಇಟ್ಟಿಗೆ ಹೊರಗೋಡೆ ಉಳಿಸಿಕೊಂಡು, 2001ರ ಹೊತ್ತಿಗೆ ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆ ಮಾಡಿದರು. ನಿಮಗೂ ಮೂರು ಮಹಡಿ ಇದ್ದರೆ ನಡುವಿನದನ್ನು ಕಚೇರಿಗೆ ಕೊಡಿ. ಅಂಗಡಿಯ ಗದ್ದಲ ಮಲಗುವ ಕೋಣೆಗೆ ಅಷ್ಟು ಸುಲಭವಾಗಿ ಏರುವುದಿಲ್ಲ.