ಬಡ್ಡಿದರ ಸ್ವಾಪ್ ಯಾರಿಗೆ ಬೇಕು, ಯಾರಿಗೆ ಬೇಡ?

ಹಣಕಾಸು ಪ್ರಶ್ನೋತ್ತರ

ಈ ಬಾರಿ ಆಯ್ದ ಪತ್ರಗಳೆಲ್ಲ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳವು. ಎಲ್ಲರ ಚಿಂತೆಯೂ ಬಡ್ಡಿಯ ಏರಿಳಿತದ್ದೇ. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2022ರ ಮೇ ಆರಂಭದಲ್ಲಿ ಶೇ 4 ಇದ್ದದ್ದು 2023ರ ಫೆಬ್ರವರಿಗೆ ಶೇ 6.50 ಆಯಿತು. 2025ರ ಫೆಬ್ರವರಿಯಿಂದ ಇಳಿಯತೊಡಗಿ ಅದೇ ಜೂನ್‌ನಲ್ಲಿ ಶೇ 5.50ಕ್ಕೆ ಬಂತು. ಇಷ್ಟು ಏರಿಳಿತ ಕಂಡ ಮೇಲೆ ಇಂಥ ಪ್ರಶ್ನೆಗಳು ಬರುವುದು ಸಹಜ.

ಪ್ರಶ್ನೆ: ನಮ್ಮದು ಕಾಫಿ ಕ್ಯೂರಿಂಗ್ ಘಟಕ. ಯಂತ್ರ ಮತ್ತು ಗೋದಾಮಿಗೆಂದು 8 ಕೋಟಿ ರೂ. ಸಾಲ ಪಡೆದಿದ್ದೇವೆ. ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ 40 ಲಕ್ಷ ಅಸಲು ಮತ್ತು ಬಡ್ಡಿ, ಏರಿಳಿಯುವ (ಫ್ಲೋಟಿಂಗ್) ದರ. ಸ್ವಾಪ್ ಮಾಡಿಸಿಕೊಂಡರೆ ಬಡ್ಡಿ ಸ್ಥಿರವಾಗುತ್ತದೆ ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ. ಅಂದರೆ ಸಾಲವನ್ನೇ ಬದಲಾಯಿಸುತ್ತಾರೆಯೇ? ಕೈಯಿಂದ ಎಷ್ಟು ಹೋಗುತ್ತದೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಸಾಲ ಹಾಗೇ ಇರುತ್ತದೆ, ಅದರ ಒಂದು ಅಕ್ಷರವೂ ಬದಲಾಗುವುದಿಲ್ಲ. ಸ್ವಾಪ್ ಪಕ್ಕದಲ್ಲಿ ಮಾಡಿಕೊಳ್ಳುವ ಇನ್ನೊಂದು ಒಪ್ಪಂದ. ನೀವು ಬ್ಯಾಂಕಿಗೆ ಸ್ಥಿರ ದರ ಕೊಡುತ್ತೀರಿ, ಬ್ಯಾಂಕು ನಿಮಗೆ ಆಯಾ ಕಾಲದ ಮಾರುಕಟ್ಟೆ ದರ ಕೊಡುತ್ತದೆ. ಲೆಕ್ಕ ಹಾಕುವುದಕ್ಕೆ ಮಾತ್ರ 8 ಕೋಟಿ ಎಂಬ ಮೊತ್ತ ಬೇಕು. ಇದನ್ನು ನೋಷನಲ್ ಮೊತ್ತ ಎನ್ನುತ್ತಾರೆ, ಅದು ಯಾರ ಕೈಯಿಂದಲೂ ಯಾರ ಕೈಗೂ ಹೋಗುವುದಿಲ್ಲ. ಎರಡು ಬಡ್ಡಿಗಳನ್ನೂ ಪೂರ್ತಿ ಕೊಟ್ಟು ತೆಗೆದುಕೊಳ್ಳುವ ಬದಲು ವ್ಯತ್ಯಾಸವನ್ನಷ್ಟೇ ಚುಕ್ತಾ ಮಾಡುತ್ತಾರೆ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ನಿಮ್ಮ ಸಾಲದ ಬಡ್ಡಿ ಮಾರುಕಟ್ಟೆ ದರದ ಮೇಲೆ ಶೇ 3. ಸ್ವಾಪ್‌ನಲ್ಲಿ ನೀವು ಕೊಡುವ ಸ್ಥಿರ ದರ ಶೇ 6. ಮೊದಲ ತ್ರೈಮಾಸಿಕ 91 ದಿನ. ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 365 ದಿನ.

ಮಾರುಕಟ್ಟೆ ದರ ಶೇ 5.5 ಆದರೆ ಸಾಲದ ಬಡ್ಡಿ ಶೇ 8.5, ಅಂದರೆ 16,95,342 ರೂ. ಸ್ವಾಪ್‌ನಲ್ಲಿ ಶೇ 0.5ರ ವ್ಯತ್ಯಾಸವನ್ನು ನೀವು ಕೊಡಬೇಕು, 99,726 ರೂ. ಎರಡೂ ಸೇರಿ 17,95,068 ರೂ. ದರ ಶೇ 7ಕ್ಕೆ ಏರಿದರೆ ಸಾಲಕ್ಕೆ ಶೇ 10ರಂತೆ 19,94,521 ರೂ. ಕಟ್ಟುತ್ತೀರಿ, ಸ್ವಾಪ್‌ನಿಂದ 1,99,452 ರೂ. ನಿಮಗೆ ಬರುತ್ತದೆ. ಕಳೆದರೆ ಉಳಿಯುವುದು ಮತ್ತೆ ಅದೇ ಮೊತ್ತ, ಹೆಚ್ಚೆಂದರೆ ಒಂದು ರೂಪಾಯಿ ಆಚೀಚೆ. ದರ ಎತ್ತ ಹೋದರೂ ನಿಮ್ಮ ವೆಚ್ಚ ಶೇ 9ಕ್ಕೆ ನಿಲ್ಲುತ್ತದೆ. ಸ್ವಾಪ್ ಮಾಡುವ ಕೆಲಸ ಇಷ್ಟೇ. ಬಡ್ಡಿ ಕಡಿಮೆ ಮಾಡುವುದು ಅದರ ಕೆಲಸವಲ್ಲ. ದರ ಇಳಿದಾಗ ಪಕ್ಕದ ಘಟಕದವರಿಗೆ ಸಿಗುವ ಲಾಭ ನಿಮಗೆ ಸಿಗುವುದಿಲ್ಲ ಎಂಬುದನ್ನು ಒಪ್ಪಿಯೇ ಸಹಿ ಹಾಕಬೇಕು.

ಕಾಗದದ ಮೇಲೆ ಇಷ್ಟು ಸರಿಯಾಗಿ ಕೂಡುವ ಲೆಕ್ಕ ಕೈತಪ್ಪುವುದು ಎಲ್ಲಿ ಎಂಬುದೇ ಮುಖ್ಯ. ಮೂರು ಕಡೆ ಗಮನ ಕೊಡಿ.

ಮೊದಲನೆಯದು ಅಸಲು ಕರಗುವ ಲೆಕ್ಕ. ಮೂರು ವರ್ಷಕ್ಕೆ 12 ಕಂತು, 4.8 ಕೋಟಿ ತೀರಿರುತ್ತದೆ, ಸಾಲ 3.2 ಕೋಟಿಗೆ ಇಳಿದಿರುತ್ತದೆ. ಸ್ವಾಪ್ ಮಾತ್ರ 8 ಕೋಟಿಯ ಮೇಲೇ ನಡೆಯುತ್ತಿದ್ದರೆ 4.8 ಕೋಟಿಯಷ್ಟು ಒಪ್ಪಂದಕ್ಕೆ ಹಿಂದೆ ಸಾಲವೇ ಇರುವುದಿಲ್ಲ. ಆಗ ದರ ಇಳಿದರೆ ಇಲ್ಲದ ಸಾಲಕ್ಕೆ ನಷ್ಟ ಕಟ್ಟಿಕೊಡುತ್ತೀರಿ. ಪ್ರತಿ ಕಂತಿಗೂ ನೋಷನಲ್ ಮೊತ್ತ 40 ಲಕ್ಷ ಇಳಿಯುವ ಪಟ್ಟಿಯನ್ನು ಒಪ್ಪಂದದ ಜೊತೆಗೇ ಲಗತ್ತಿಸಿ ಎಂದು ಕೇಳಿ. ಇದಕ್ಕೆ ಅಮಾರ್ಟೈಸಿಂಗ್ ಸ್ವಾಪ್ ಎಂದು ಹೆಸರು.

ಎರಡನೆಯದು ಮಾನದಂಡ ದರ, ಅಂದರೆ ಲೆಕ್ಕಕ್ಕೆ ಆಧಾರವಾಗುವ ಮಾರುಕಟ್ಟೆ ದರ. ನಮ್ಮಲ್ಲಿ ರೂಪಾಯಿ ಸ್ವಾಪ್ ಹೆಚ್ಚಾಗಿ ನಡೆಯುವುದು ಮೈಬಾರ್ ಮೇಲೆ. ಬ್ಯಾಂಕುಗಳು ಒಂದು ರಾತ್ರಿಗೆ ಪರಸ್ಪರ ಸಾಲ ಕೊಡುವ ದರ ಅದು, ದಿನವೂ ಬದಲಾಗುತ್ತದೆ. ನಿಮ್ಮ ಸಾಲ ರೆಪೊಗೆ ಜೋಡಣೆಯಾಗಿದ್ದರೆ ಎರಡೂ ಒಂದೇ ಅಲ್ಲ. ಬ್ಯಾಂಕುಗಳ ಬಳಿ ಹಣ ಹೇರಳವಾಗಿದ್ದಾಗ ಮೈಬಾರ್ ರೆಪೊಗಿಂತ ಕೆಳಗೆ ಜಾರುತ್ತದೆ. ಶೇ 0.20 ಕೆಳಗಿದ್ದರೆ 8 ಕೋಟಿಗೆ ವರ್ಷಕ್ಕೆ 1.6 ಲಕ್ಷ ರೂ. ನಿಮ್ಮ ಕೈಯಿಂದ ಹೋಗುತ್ತದೆ, ಮೇಲಿನ ಶೇ 9 ಎಂಬುದು ಶೇ 9.20 ಆಗುತ್ತದೆ. ಹಣ ಬಿಗಿಯಾದಾಗ ಇದು ತಿರುಗುಮುರುಗಾಗುವುದೂ ಉಂಟು. ದರ ಮರುನಿಗದಿಯ ದಿನಾಂಕಗಳೂ ಸಾಲಕ್ಕೂ ಸ್ವಾಪ್‌ಗೂ ಒಂದೇ ಇರಬೇಕು. ಒಂದು ತಿಂಗಳ ಅಂತರವಿದ್ದು, ನಡುವೆ ರಿಸರ್ವ್ ಬ್ಯಾಂಕ್ ದರ ಬದಲಿಸಿದರೆ ಆ ತ್ರೈಮಾಸಿಕದ ಲೆಕ್ಕ ಕೂಡುವುದಿಲ್ಲ. ಸಾಲಪತ್ರದಲ್ಲಿ ‘ಬಡ್ಡಿ ಇಷ್ಟಕ್ಕಿಂತ ಕೆಳಗಿಳಿಯದು’ ಎಂಬ ಷರತ್ತಿದೆಯೇ ಎಂದೂ ನೋಡಿ. ಇದ್ದರೆ, ದರ ತೀರಾ ಇಳಿದಾಗ ಸಾಲದ ಬಡ್ಡಿ ನಿಂತಲ್ಲೇ ನಿಲ್ಲುತ್ತದೆ, ಸ್ವಾಪ್‌ನಲ್ಲಿ ಕೊಡಬೇಕಾದದ್ದು ಮಾತ್ರ ಬೆಳೆಯುತ್ತಲೇ ಹೋಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ: ನಡುವೆ ಹೊರಬರುವುದು. ಸಾಲ ತೀರಿಸಿದರೆ ಸ್ವಾಪ್ ತಾನಾಗಿ ಮುಗಿಯುವುದಿಲ್ಲ. ಉದಾಹರಣೆಗೆ 8 ಕೋಟಿಯ ಸ್ವಾಪ್ ಇನ್ನೂ ಮೂರು ವರ್ಷ ಬಾಕಿ ಇದೆ, ಮಾರುಕಟ್ಟೆಯ ಸ್ವಾಪ್ ದರ ನಿಮ್ಮದಕ್ಕಿಂತ ಶೇ 1 ಕೆಳಗಿದೆ ಎನ್ನಿ. ವರ್ಷಕ್ಕೆ 8 ಲಕ್ಷದಂತೆ ಮೂರು ವರ್ಷದ ನಷ್ಟವನ್ನು ಇವತ್ತಿನ ಮೌಲ್ಯಕ್ಕೆ ಇಳಿಸಿದರೆ, ಶೇ 5ರ ಲೆಕ್ಕದಲ್ಲಿ, ಸುಮಾರು 21.8 ಲಕ್ಷ ರೂ. ಒಟ್ಟಿಗೆ ಕಟ್ಟಿ ಹೊರಬರಬೇಕು. ನೋಷನಲ್ ಮೊತ್ತ ಕರಗುವಂತೆ ಬರೆಸಿಕೊಂಡಿದ್ದರೆ ಈ ಹೊರೆ ಅಷ್ಟಕ್ಕಷ್ಟೇ ಕಡಿಮೆ. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣಗೊಳ್ಳುವ ಫ್ಲೋಟಿಂಗ್ ಸಾಲಗಳಲ್ಲಿ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ವಾಣಿಜ್ಯ ಬ್ಯಾಂಕುಗಳು ಮುಂಗಡ ಪಾವತಿ ಶುಲ್ಕ ಹಾಕುವಂತಿಲ್ಲ. ಅದು ಸಾಲಕ್ಕೆ ಸಿಕ್ಕ ರಕ್ಷಣೆ, ಸ್ವಾಪ್‌ಗೆ ಅಲ್ಲ. ಎರಡು ವರ್ಷದಲ್ಲಿ ಘಟಕ ಮಾರುವ ಅಥವಾ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ಯೋಚನೆ ಇದ್ದರೆ ಐದು ವರ್ಷದ ಸ್ವಾಪ್‌ಗೆ ಕೈಹಾಕಬೇಡಿ.

ಸಹಿಗೆ ಮೊದಲು ಎರಡು ಮಾತು ಬರವಣಿಗೆಯಲ್ಲಿ ಪಡೆಯಿರಿ. ಅದೇ ದಿನ ಅದೇ ಹೊತ್ತಿಗೆ ಮಾರುಕಟ್ಟೆಯ ಮಧ್ಯದ ದರ (ಕೊಳ್ಳುವ ಮತ್ತು ಮಾರುವ ದರಗಳ ನಡುವಿನದು) ಎಷ್ಟು, ಅದರ ಮೇಲೆ ಬ್ಯಾಂಕು ಎಷ್ಟು ಸೇರಿಸಿದೆ? ದರ ಶೇ 1 ಮತ್ತು ಶೇ 2 ಇಳಿದರೆ ಒಂದನೇ, ಎರಡನೇ, ಮೂರನೇ ವರ್ಷದ ಕೊನೆಯಲ್ಲಿ ಹೊರಬರಲು ಎಷ್ಟಾಗುತ್ತದೆ? ಉತ್ತರ ಕೊಡಲು ಹಿಂಜರಿಯುವವರ ಬಳಿ ಸ್ವಾಪ್ ಮಾಡಿಸಬೇಡಿ. 8 ಕೋಟಿಯಲ್ಲಿ ಅರ್ಧಕ್ಕೆ ಮಾತ್ರ ಸ್ವಾಪ್ ಮಾಡಿಸಿ ಉಳಿದರ್ಧವನ್ನು ಫ್ಲೋಟಿಂಗ್‌ನಲ್ಲೇ ಬಿಡುವುದು ನಿಮ್ಮಂಥ ಘಟಕಕ್ಕೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಮಗೆ ರೊಬಸ್ಟಾ ತೋಟವಿದೆ, ವರ್ಷಕ್ಕೆ ಸುಮಾರು 400 ಮೂಟೆ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು). ತೋಟದ ಮೇಲೆ 60 ಲಕ್ಷ ಸಾಲ. ಬಡ್ಡಿ ತಿಂಗಳು ತಿಂಗಳು ಕಟ್ಟಬೇಕು, ದುಡ್ಡು ಬರುವುದು ಕೊಯ್ಲು ಮುಗಿದ ಮೇಲೆ. ಸ್ವಾಪ್‌ನಿಂದ ಇದು ಸರಿಹೋಗುತ್ತದೆಯೇ?
– ಓದುಗರು, ಸಕಲೇಶಪುರ

ಉತ್ತರ: ಇಲ್ಲ. ನಿಮ್ಮ ತೊಂದರೆ ಬಡ್ಡಿ ಎಷ್ಟು ಎಂಬುದಲ್ಲ, ಯಾವಾಗ ಕಟ್ಟಬೇಕು ಎಂಬುದು. ಹಣದ ಹರಿವಿನ ಅಪಾಯ ಎಂದರೆ ಇದೇ: ವರ್ಷದ ಒಟ್ಟು ಲೆಕ್ಕದಲ್ಲಿ ಲಾಭವಿದ್ದರೂ ಕಟ್ಟಬೇಕಾದ ದಿನ ಖಾತೆಯಲ್ಲಿ ದುಡ್ಡಿಲ್ಲದಿರುವುದು.

ಅಂಕಿ ನೋಡಿ. 2022–23ರಂತೆ ಮತ್ತೆ ಶೇ 2.5ರಷ್ಟು ದರ ಏರಿದರೂ 60 ಲಕ್ಷಕ್ಕೆ ವರ್ಷಕ್ಕೆ ಹೆಚ್ಚುವರಿ ಬಡ್ಡಿ 1.5 ಲಕ್ಷ. 50 ಕೆ.ಜಿ. ಮೂಟೆಗೆ ಬೆಲೆ 1,000 ರೂ. ಬಿದ್ದರೆ 400 ಮೂಟೆಗೆ 4 ಲಕ್ಷ ಹೋಯಿತು. ಹೂಮಳೆ ಕೈಕೊಟ್ಟು ಫಸಲು 80 ಮೂಟೆ ಕಡಿಮೆಯಾದರೆ ಇನ್ನೂ ದೊಡ್ಡ ಪೆಟ್ಟು. ಬಡ್ಡಿ ನಿಮ್ಮ ಮೂರನೆಯ ಅಪಾಯ, ಮೊದಲನೆಯದಲ್ಲ. ಬಡ್ಡಿಯನ್ನು ಸ್ವಾಪ್‌ನಲ್ಲಿ ಕಟ್ಟಿಹಾಕಿ ಬೆಲೆಯನ್ನು ಹಾಗೇ ಬಿಟ್ಟರೆ, ಬೆಲೆ ಬಿದ್ದ ವರ್ಷವೇ ಬಡ್ಡಿದರವೂ ಇಳಿದು ಸ್ವಾಪ್‌ಗೂ ಕೈಯಿಂದ ಕೊಡಬೇಕಾಗಿ ಬರಬಹುದು.

ಮಾಡಬೇಕಾದ ಕೆಲಸ ಹೀಗಿದೆ. ಒಂದು ಹಾಳೆಯಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಂಬಸಾಲು ಎಳೆಯಿರಿ. ವಾರದ ಬಟವಾಡೆ, ಮಳೆಗೆ ಮುಂಚಿನ ಮತ್ತು ಮಳೆ ನಂತರದ ಗೊಬ್ಬರ, ಮರಗಸಿ, ಕಳೆ, ಕೊಯ್ಲಿನ ಕೂಲಿ, ಸ್ಪ್ರಿಂಕ್ಲರ್‌ನ ಡೀಸೆಲ್, ಮನೆಖರ್ಚು, ಶಾಲೆ–ಕಾಲೇಜು ಶುಲ್ಕ, ಬಡ್ಡಿ, ಎಲ್ಲವನ್ನೂ ಹೋಗುವ ತಿಂಗಳಿಗೇ ಬರೆಯಿರಿ. ಬರುವ ಹಣವನ್ನು ಕಣದಿಂದ ಚೆರ್ರಿ ಹೋದ ತಿಂಗಳಿಗೆ ಬರೆಯಬೇಡಿ, ವ್ಯಾಪಾರಿಯಿಂದ ದುಡ್ಡು ಖಾತೆಗೆ ಬಿದ್ದ ತಿಂಗಳಿಗೆ ಬರೆಯಿರಿ. ಔಟ್‌ಟರ್ನ್ ಕಡಿತ (ಚೆರ್ರಿಯಿಂದ ಸಿಗುವ ಬೇಳೆಯ ಪ್ರಮಾಣ ಕಡಿಮೆಯಾದರೆ ವ್ಯಾಪಾರಿ ಹಿಡಿಯುವ ಹಣ) ಕಳೆದೇ ಬರೆಯಿರಿ. ಕಾಳುಮೆಣಸು ಇದ್ದರೆ ಅದಕ್ಕೆ ಬೇರೆ ಸಾಲು. ಪ್ರತಿ ತಿಂಗಳ ಕೊನೆಯ ಶಿಲ್ಕು ಕೂಡುತ್ತ ಹೋದರೆ ತೀರಾ ಕೆಳಗಿನ ತಿಂಗಳು ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ತೋಟಗಳಲ್ಲಿ ಅದು ಕೊಯ್ಲಿನ ಕೂಲಿ ಹೋಗುತ್ತಿದ್ದು ಮಾರಾಟದ ಹಣ ಇನ್ನೂ ಬಾರದ ಹೊತ್ತು.

ಆಮೇಲೆ ಅದೇ ಹಾಳೆಯನ್ನು ಮೂರು ಸಲ ಕೆಡಿಸಿ ನೋಡಿ: ಬಡ್ಡಿ ಶೇ 2 ಹೆಚ್ಚು, ಬೆಲೆ ಶೇ 20 ಕಡಿಮೆ, ಮಾರಾಟ ಎರಡು ತಿಂಗಳು ತಡ. ಕೊನೆಗೆ ಮೂರೂ ಒಟ್ಟಿಗೆ. ಆಗ ಬರುವ ತೀರಾ ಕೆಳಗಿನ ಶಿಲ್ಕೇ ನಿಮಗೆ ಬೇಕಾದ ಓವರ್‌ಡ್ರಾಫ್ಟ್ ಮಿತಿ. ಈ ಹಾಳೆ ಹಿಡಿದು ಬ್ಯಾಂಕಿಗೆ ಹೋಗಿ, ಕಂತನ್ನು ಮಾರ್ಚ್–ಮೇ ನಡುವೆ ವರ್ಷಕ್ಕೊಮ್ಮೆ ಇಡುವಂತೆ ಕೇಳಿ. ಸುಸ್ತಿಯಾಗುವ ಮೊದಲೇ ಕೇಳುವುದು ಮುಖ್ಯ. ಕಂತು ತಪ್ಪಿದ ಮೇಲೆ ವೇಳಾಪಟ್ಟಿ ಬದಲಿಸಿದರೆ ಅದನ್ನು ಸಾಲದ ಪುನಾರಚನೆ ಎಂದೇ ದಾಖಲಿಸುವ ಸಾಧ್ಯತೆ ಇದೆ. ಮುಂದಿನ ಸಾಲಕ್ಕೆ ಅದು ಅಡ್ಡ ಬರುತ್ತದೆ.

ಪ್ರಶ್ನೆ: ಬೇಲೂರು ಬಳಿ ರೆಸಾರ್ಟ್ ನಡೆಸುತ್ತೇವೆ, 3 ಕೋಟಿ ಸಾಲ. ದರ ಏರಿದರೆ ರಕ್ಷಣೆ ಬೇಕು, ಇಳಿದರೆ ಲಾಭವೂ ಬೇಕು. ದಾರಿ ಇದೆಯೇ?
– ಓದುಗರು, ಬೇಲೂರು

ಉತ್ತರ: ಇದೆ, ಅದಕ್ಕೆ ಬೆಲೆ ತೆರಬೇಕು. ಕ್ಯಾಪ್ ಎಂಬ ಒಪ್ಪಂದದಲ್ಲಿ ಮೊದಲೇ ಪ್ರೀಮಿಯಂ ಕಟ್ಟುತ್ತೀರಿ. ಮಾನದಂಡ ದರ, ಉದಾಹರಣೆಗೆ, ಶೇ 7 ದಾಟಿದರೆ ದಾಟಿದಷ್ಟನ್ನು ಬ್ಯಾಂಕು ತುಂಬಿಕೊಡುತ್ತದೆ. ದಾಟದಿದ್ದರೆ ಹೋಗುವುದು ಪ್ರೀಮಿಯಂ ಮಾತ್ರ. ಪ್ರೀಮಿಯಂ ಬೇಡವೆನ್ನುವವರಿಗೆ ಕಾಲರ್ ತೋರಿಸುತ್ತಾರೆ: ಮೇಲೆ ಶೇ 7ರ ಮಿತಿ, ಕೆಳಗೆ ಶೇ 5ರ ಮಿತಿ. ದರ ಶೇ 5ಕ್ಕಿಂತ ಇಳಿದರೆ ವ್ಯತ್ಯಾಸ ನೀವು ಕೊಡಬೇಕು. ‘ಖರ್ಚಿಲ್ಲದ ಕಾಲರ್’ ಎಂದರೆ ಖರ್ಚು ಆ ಕೆಳಗಿನ ಮಿತಿಯಲ್ಲಿ ಅಡಗಿದೆ ಎಂದೇ ತಿಳಿಯಿರಿ.

ಬ್ರಿಟನ್‌ನಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಸಣ್ಣ ಹೋಟೆಲು, ಅಂಗಡಿ, ಕೃಷಿ ಉದ್ದಿಮೆಗಳಿಗೆ ಅಲ್ಲಿನ ಬ್ಯಾಂಕುಗಳು ಸ್ವಾಪ್, ಕಾಲರ್‌ಗಳನ್ನು ಮಾರಿದ್ದವು. 2009ರ ಮಾರ್ಚ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ದರ ಶೇ 0.5ಕ್ಕೆ ಕುಸಿದಾಗ ಇವರೆಲ್ಲ ಪ್ರತಿ ತ್ರೈಮಾಸಿಕವೂ ವ್ಯತ್ಯಾಸ ಕಟ್ಟುತ್ತ ಸಿಕ್ಕಿಬಿದ್ದರು. ಹೊರಬರುವ ಶುಲ್ಕ ಎಷ್ಟಾಗಬಹುದೆಂದು ಅನೇಕರಿಗೆ ಮೊದಲೇ ತಿಳಿಸಿರಲಿಲ್ಲ. 2012ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಮಾರಾಟದಲ್ಲಿ ಗಂಭೀರ ಲೋಪಗಳನ್ನು ಕಂಡಿತು, ಬ್ಯಾಂಕುಗಳು 200 ಕೋಟಿ ಪೌಂಡ್‌ಗಿಂತ ಹೆಚ್ಚು ಪರಿಹಾರ ಕೊಡಬೇಕಾಯಿತು. ಏರುವ ದರದ ಭಯದಲ್ಲಿ ಕೊಂಡವರನ್ನು ಹೊಡೆದದ್ದು ಇಳಿದ ದರ. 3 ಕೋಟಿ ಸಾಲಕ್ಕೆ ಕ್ಯಾಪ್ ದುಬಾರಿಯಾದರೆ, ಬೇಸಿಗೆ ರಜೆ ಮತ್ತು ವರ್ಷಾಂತ್ಯದ ಗಳಿಕೆಯಿಂದ ಆರು ತಿಂಗಳ ಬಡ್ಡಿಯನ್ನು ಠೇವಣಿಯಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕೋಣೆಗಳು ಖಾಲಿ ಉಳಿದಾಗ ನಿಮ್ಮನ್ನು ಕಾಯುವುದು ಅದು.

ಪ್ರಶ್ನೆ: ನಾನು ಸ್ಥಿರ ದರ ಕೊಟ್ಟು ಫ್ಲೋಟಿಂಗ್ ಪಡೆದರೆ ಬ್ಯಾಂಕು ನನ್ನ ವಿರುದ್ಧ ಬಾಜಿ ಕಟ್ಟಿದಂತಲ್ಲವೇ? ಈ ವ್ಯವಸ್ಥೆ ಶುರುವಾದದ್ದು ಯಾವಾಗ?
– ವಾಣಿಜ್ಯ ವಿದ್ಯಾರ್ಥಿನಿ, ಹಾಸನ

ಉತ್ತರ: ಹಾಗಲ್ಲ. ಬ್ಯಾಂಕಿನ ಬಳಿ ಒಂದೆಡೆ ರೆಪೊ ಜೊತೆ ಏರಿಳಿಯುವ ಸಾಲಗಳಿವೆ, ಇನ್ನೊಂದೆಡೆ ಮುಗಿಯುವವರೆಗೆ ದರ ಬದಲಾಗದ ಠೇವಣಿಗಳಿವೆ. ರೆಪೊ ಇಳಿದರೆ ಸಾಲದ ಆದಾಯ ಬೇಗ ಕುಗ್ಗುತ್ತದೆ, ಠೇವಣಿಯ ಬಡ್ಡಿ ಹಾಗೇ ನಿಲ್ಲುತ್ತದೆ. ಆದ್ದರಿಂದ ಸ್ಥಿರ ದರ ಪಡೆಯುವುದು ಎಷ್ಟೋ ಸಲ ಬ್ಯಾಂಕಿಗೂ ಬೇಕಾದದ್ದೇ. ಬೇಡದಿದ್ದರೆ ಇನ್ನೊಂದು ಬ್ಯಾಂಕಿನ ಜೊತೆ ಅದೇ ಅಳತೆಯ ಎದುರು ಸ್ವಾಪ್ ಮಾಡಿ ತನ್ನ ಪಾಲಿನ ಅಂತರ ಉಳಿಸಿಕೊಳ್ಳುತ್ತದೆ. ಸ್ವಾಪ್ ಚರಿತ್ರೆಯಲ್ಲಿ ಹೆಸರಾದದ್ದು 1981ರಲ್ಲಿ ವಿಶ್ವಬ್ಯಾಂಕ್ ಮತ್ತು ಐಬಿಎಂ ಮಾಡಿಕೊಂಡ ಒಪ್ಪಂದ, ಅದು ಕರೆನ್ಸಿ ಸ್ವಾಪ್, ಅಂದರೆ ಬೇರೆ ಬೇರೆ ದೇಶಗಳ ಹಣದಲ್ಲಿನ ಪಾವತಿಗಳ ಅದಲುಬದಲು. ಭಾರತದಲ್ಲಿ ರೂಪಾಯಿ ಬಡ್ಡಿದರ ಸ್ವಾಪ್‌ಗೆ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟದ್ದು 1999ರಲ್ಲಿ. ಸಣ್ಣ ಗ್ರಾಹಕರು ‘ರೀಟೇಲ್ ಬಳಕೆದಾರ’ ವರ್ಗಕ್ಕೆ ಸೇರುತ್ತಾರೆ. ಅವರು ನಿಜವಾಗಿ ಇರುವ ಬಡ್ಡಿ ಅಪಾಯದಿಂದ ರಕ್ಷಣೆಗೆ ಮಾತ್ರ ಇದನ್ನು ಬಳಸಬಹುದು, ಊಹಾಪೋಹದ ವ್ಯವಹಾರಕ್ಕೆ ಬಳಸುವಂತಿಲ್ಲ.

ಪ್ರಶ್ನೆ: ಕಾಫಿ ರಫ್ತಿಗೆ ಡಾಲರ್‌ನಲ್ಲಿ ಪ್ಯಾಕಿಂಗ್ ಕ್ರೆಡಿಟ್ (ಸರಕು ಸಾಗಿಸುವ ಮೊದಲಿನ ಸಾಲ) ಪಡೆಯುತ್ತೇವೆ. ಇದಕ್ಕೂ ಸ್ವಾಪ್ ಬೇಕೇ?
– ಓದುಗರು, ಹಾಸನ

ಉತ್ತರ: 180 ದಿನದೊಳಗೆ ರಫ್ತಿನ ಡಾಲರ್‌ನಿಂದಲೇ ತೀರುವ ಸಾಲಕ್ಕೆ ಬೇಡ. ಡಾಲರ್ ಸಾಲಗಳಿಗೆ ಹಿಂದೆ ಮಾನದಂಡವಾಗಿದ್ದ ಲೈಬಾರ್ ದರ 2023ರ ಜೂನ್ 30ಕ್ಕೆ ನಿಂತುಹೋಗಿದೆ, ಈಗ ಲೆಕ್ಕ ಅಮೆರಿಕದ ಒಂದು ರಾತ್ರಿಯ ಸಾಲದ ದರವಾದ ಸೋಫರ್ ಮೇಲೆ. ನಿಮ್ಮ ಅಪಾಯ ಬೇರೆ ಕಡೆ ಇದೆ: ಖರೀದಿದಾರ ಸರಕು ತಡವಾಗಿ ಎತ್ತಿದರೆ ಡಾಲರ್ ಬರುವುದೂ ತಡ, ಸಾಲದ ಗಡುವು ಮಾತ್ರ ಕಾಯುವುದಿಲ್ಲ. ಸಾಗಣೆ ದಿನಾಂಕಕ್ಕೂ ಗಡುವಿಗೂ ಕನಿಷ್ಠ 30 ದಿನ ಅಂತರ ಇರಿಸಿಕೊಂಡು ಸಾಲ ಎತ್ತಿ.

ಪ್ರಶ್ನೆ: ಗೃಹಸಾಲದ ಬಡ್ಡಿ ಏರಿದಾಗ ಬ್ಯಾಂಕು ಕೇಳದೆ ಅವಧಿ ಹೆಚ್ಚಿಸಿತು. ನಾವೂ ಸ್ವಾಪ್ ಮಾಡಿಸಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಗೃಹಸಾಲಕ್ಕೆ ಅದರ ಗೊಡವೆ ಬೇಡ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ದರ ಮರುನಿಗದಿಯಾದಾಗ ಕಂತು ಹೆಚ್ಚಿಸುವುದೋ, ಅವಧಿ ಹೆಚ್ಚಿಸುವುದೋ, ಎರಡನ್ನೂ ಸ್ವಲ್ಪಸ್ವಲ್ಪವೋ ಎಂಬ ಆಯ್ಕೆ ನಿಮ್ಮದು. ಅವಧಿ ಹೆಚ್ಚಿಸಿದರೆ ಕಂತು ಆ ತಿಂಗಳ ಬಡ್ಡಿಗೂ ಸಾಕಾಗದಷ್ಟು ಚಿಕ್ಕದಾಗಬಾರದು. ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಹಳೆಯ ಅವಧಿಗೇ ಮರಳಿಸಲು ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ದೂರಿಗೆ ಶುಲ್ಕವಿಲ್ಲ.