ಗ್ರೀನ್ ಕಾರ್ಡ್ ಇದ್ದರೆ ವೋಟು ಹಾಕಬಹುದೇ?

ಪ್ರಶ್ನೆ: ಮಗ ಟೆಕ್ಸಾಸ್‌ನಲ್ಲಿದ್ದಾನೆ, ಗ್ರೀನ್ ಕಾರ್ಡ್ ಸಿಕ್ಕಿದೆ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಮತದಾರರ ಪಟ್ಟಿಗೆ ಸೇರುತ್ತೀರಾ ಎಂಬ ಪ್ರಶ್ನೆ ಇತ್ತಂತೆ. ಸೇರಬಹುದೇ? ಟೆಕ್ಸಾಸ್‌ನ ವಲಸೆ ಕಾನೂನಿನ ಸುದ್ದಿ ಕೇಳಿ ಭಯವೂ ಆಗಿದೆ.
– ಒಬ್ಬ ತಾಯಿ, ಸಪ್ತಾಪುರ, ಧಾರವಾಡ

ಉತ್ತರ: ಬೇಡ ಅಕ್ಕಾ, ಇವತ್ತೇ ಫೋನ್ ಮಾಡಿ ಹೇಳಿ. ಗ್ರೀನ್ ಕಾರ್ಡ್ ಅಂದರೆ ಅಲ್ಲಿ ಕಾಯಂ ಆಗಿ ನೆಲೆಸಲು ಅನುಮತಿ ಅಷ್ಟೇ, ಪೌರತ್ವ ಅಲ್ಲ. ಅಮೆರಿಕದ ಪ್ರಜೆಯಲ್ಲದವರು ಅಲ್ಲಿನ ರಾಷ್ಟ್ರೀಯ ಚುನಾವಣೆಯಲ್ಲಿ ವೋಟು ಹಾಕುವುದು 1996ರ ಕಾನೂನಿನಂತೆ ಅಪರಾಧ. ಜೈಲು, ಗಡೀಪಾರು ಎರಡೂ ಆಗಬಹುದು. ಸುಮ್ನೆ ‘ನಾನು ಪ್ರಜೆ’ ಎಂದು ಗುರುತು ಹಾಕಿದರೂ ಮುಂದೆ ಪೌರತ್ವಕ್ಕೆ ಕಷ್ಟ. ನನ್ನ ತಂಗಿಯ ಮಗನಿಗೂ ಇದನ್ನೇ ಒತ್ತಿ ಹೇಳಿದ್ದೇನೆ.

ಟೆಕ್ಸಾಸ್ 2023ರಲ್ಲಿ ಮಾಡಿದ ವಲಸೆ ಕಾನೂನು ಅಕ್ರಮವಾಗಿ ಗಡಿ ದಾಟಿದವರ ಮೇಲಿನದು. ಅದಕ್ಕೆ ನೀವು ಹೆದರಬೇಡಿ.

ಅವನ ವೋಟು ಧಾರವಾಡದಲ್ಲೇ ಇದೆ ಅಲ್ವಾ? ಭಾರತದ ಪಾಸ್‌ಪೋರ್ಟ್ ಇರುವವರೆಗೆ ವಿದೇಶದಲ್ಲಿರುವ ಭಾರತೀಯರ ಅರ್ಜಿಯಾದ ಫಾರಂ 6ಎ ತುಂಬಿ ಇಲ್ಲಿನ ಪಟ್ಟಿಗೆ ಸೇರಬಹುದು. ವೋಟು ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ತಾನೇ ಬರಬೇಕು.